ಸಾರಕ್ಕಿ ಕೆರೆಯ ಹಾಯಿದೋಣಿ ಮೇಷ್ಟ್ರು

ವಯಸ್ಸಾದಮೇಲೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಮಂಡಿನೋವು ಮಾತ್ರ. ಆದ್ದರಿಂದ ಕೂತಲ್ಲೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನೊಂದು ದೋಣಿ ಕ್ಲಬ್ಬಿನ ಉಗ್ರಾಣದಲ್ಲಿದ್ದೆ. ಹೈಸ್ಕೂಲು ಓದಿದವನಿಗೆ ಹಗ್ಗ, ಹುಟ್ಟುಗಳಿಗೆ ಚೀಟಿ ಅಂಟಿಸುವ ಕೆಲಸ. ಕ್ಲಬ್ಬಿನವರು ಗುಜರಿಗೆ ಹಾಕಿದ್ದ ಪುಟ್ಟ ಹಾಯಿದೋಣಿಯೊಂದನ್ನು ಬೇಡಿ, ಎತ್ತಿನಗಾಡಿಯಲ್ಲಿ ನಮ್ಮ ಸಾರಕ್ಕಿಗೆ ತಂದೆ. ಊರಿನ ಆಚಾರಿ ಅದನ್ನು ನೋಡಿಕೊಂಡೇ ಇನ್ನೊಂದು ಮಾಡಿಕೊಟ್ಟ. ಅದರ ಹಾಯಿಗೆ ನಮ್ಮ ಮದುವೆಯ ದುಪ್ಪಟಿ ಹೋಯಿತು. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಆ ಮೂರು ದಿನ ಗಾಳಿಯೂ ಚೆನ್ನಾಗಿತ್ತು.

ಆ ಬೇಸಿಗೆಯಲ್ಲಿ ಊರ ಹುಡುಗರಿಗೆಲ್ಲ ನಾನೇ ಮೇಷ್ಟ್ರು. "ಎದುರುಗಾಳಿಗೆ ನೇರ ಹೋಗೋಕಾಗಲ್ಲ ಕಣ್ರೋ. ಒಂದು ಸಲ ಈ ಕಡೆಗೆ ಓರೆ, ಇನ್ನೊಂದು ಸಲ ಆ ಕಡೆಗೆ ಓರೆ," ಎಂದು ಹೇಳಿಕೊಟ್ಟೆ.

"ನಮ್ಮಪ್ಪ ಹೆಂಡದಂಗಡಿಯಿಂದ ಬರ್ದಂಗೆ, ಅಲ್ವಾ ಮೇಷ್ಟ್ರೇ?" ಎಂದ ಕೆಂಪಣ್ಣ. ಹದಿನೈದರ ಹುಡುಗ, ರೈತನ ಮಗ. ಹದಿನೈದೇ ದಿನದಲ್ಲಿ ಅವನು ನನಗಿಂತ ಚೆನ್ನಾಗಿ ದೋಣಿ ತಿರುಗಿಸತೊಡಗಿದ. ನಾನು ಬೆನ್ನು ತಟ್ಟಿದೆ, ಸ್ವಲ್ಪ ಜೋರಾಗಿಯೇ.

ಒಂದು ಭಾನುವಾರ ಕ್ಲಬ್ಬಿನ ಸಾಹೇಬರು ನೋಡಲು ಬಂದರು. "ನಾಳೆ ಪಂದ್ಯ ಇಡು. ಈ ಹುಡುಗ ನಿನ್ನನ್ನ ಸೋಲಿಸಿದ್ರೆ ಕ್ಲಬ್ಬಿಗೆ ತಗೋತೀನಿ. ದೋಣಿ ಕಲಿಸೋ ಕೆಲಸ ಖಾಲಿ ಇದೆ," ಎಂದರು. ಆರು ವರ್ಷದಿಂದ ನಾನು ಆಸೆಪಟ್ಟು ಕಾಯುತ್ತಿದ್ದ ಕೆಲಸ ಅದು.

ಹಿಂದಿನ ವರ್ಷ ಕೆರೆ ಬತ್ತಿದ್ದಾಗ ರೈತರು ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಸಾಗಿಸಲು ಕೆರೆಯೊಳಗೆ ಮಣ್ಣು ಏರಿಸಿ ಗಾಡಿದಾರಿ ಮಾಡಿದ್ದರು. ಈಗ ಅದು ನೀರಿನಡಿ ಇತ್ತು. ಪಂದ್ಯದ ಬೆಳಿಗ್ಗೆ ಬಿದಿರುಗೋಲು ಇಳಿಸಿ ನೋಡಿದೆ. ಮೊಣಕಾಲುದ್ದ ನೀರು, ಕೆಳಗೆ ಗಟ್ಟಿ ಮಣ್ಣು. ದೋಣಿಯಡಿಯ ಹಲಗೆ ಸಿಕ್ಕಿಕೊಳ್ಳಲು ಅಷ್ಟು ಸಾಕು.

ಆಮೇಲೆ ಕೆಂಪಣ್ಣನಿಗೆ, "ಗುರಿ ಆಚೆ ದಡದ ಹೊಂಗೆಮರ. ನೇರ ಅದಕ್ಕೇ ಹೊಡಿ," ಎಂದೆ.

"ಅಲ್ಲಿ ಗಾಡಿದಾರಿ ಐತಲ್ಲ ಮೇಷ್ಟ್ರೇ. ನಾನೇ ಗೋಡು ಹೊಡ್ದಿದೀನಿ."

"ಅದೆಲ್ಲ ಕರಗಿಹೋಯ್ತು. ಮೇಷ್ಟ್ರು ನಾನೋ ನೀನೋ?"

ಅವನು ತಲೆ ತಗ್ಗಿಸಿದ. ಪಂದ್ಯದಲ್ಲಿ ಬಾಣದಂತೆ ಮುಂದೆ ಹೋದ, ಗಾಡಿದಾರಿಗೆ ಸಿಕ್ಕಿ ಗಕ್ಕನೆ ನಿಂತ. ದಡದಲ್ಲಿ ಒಬ್ಬ, "ಲೋ ಕೆಂಪ, ಎತ್ತು ಕಟ್ಟೋ," ಎಂದು ಕೂಗಿದ. ಊರೆಲ್ಲ ನಕ್ಕಿತು. ನಾನು ಕೆರೆ ಏರಿಯ ಪಕ್ಕದ ಆಳದಲ್ಲಿ ಸುತ್ತಿ ಹೋಗಿ ಗೆದ್ದೆ.

ಹುಡುಗ ದೋಣಿಯನ್ನು ಎಳೆದುಕೊಂಡು ದಡಕ್ಕೆ ಬಂದ. "ಮೇಷ್ಟ್ರದ್ದೇನೂ ತಪ್ಪಿಲ್ಲ ಸಾಹೇಬ್ರೆ. ನಾನೇ ಸರಿಯಾಗಿ ತಿರುಗಿಸ್ಲಿಲ್ಲ," ಎಂದ.

ಸಾಹೇಬರು ನನ್ನತ್ತ ತಿರುಗಿದರು. "ನೀನು ಪಳಗಿಸಿದ ಹುಡುಗನೇ ಹೂತ್ಕೊಂಡ. ನಿನಗೆ ಕಲಿಸೋಕೆ ಬರಲ್ಲ ಅಂತಾಯ್ತು." ಕೆಲಸ ಮೂರನೆಯವನಿಗೆ ಹೋಯಿತು. ನಾನು ನಿವೃತ್ತನಾಗುವವರೆಗೆ ಚೀಟಿ ಅಂಟಿಸಿದೆ. ಕೆಂಪಣ್ಣ ಮತ್ತೆ ದೋಣಿ ಹತ್ತಲಿಲ್ಲ.

ಈಗ ಅವನು ಪದ್ಮನಾಭನಗರದಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾನೆ. ಹೋದಾಗಲೆಲ್ಲ ಕುರ್ಚಿ ಒರೆಸಿ ಕೂರಿಸುತ್ತಾನೆ. "ನಂಗೆ ದೋಣಿ ಕಲಿಸಿದ ಮೇಷ್ಟ್ರು ಇವ್ರು. ನಾನೇ ಪೆದ್ದ, ಕಲೀಲಿಲ್ಲ," ಎಂದು ಮಕ್ಕಳಿಗೆ ಹೇಳುತ್ತಾನೆ.

ಪ್ರತಿಸಲವೂ ಹೇಳಿಬಿಡಬೇಕೆಂದೇ ಹೋಗುತ್ತೇನೆ. ಮಂಡಿನೋವಿನಿಂದ ಶುರುಮಾಡಿ, ಕಾಫಿಯ ರುಚಿಗೆ ಹೊರಳಿ, ಮಳೆಯ ಕಡೆಗೆ ತಿರುಗಿ, ಕೊಡೆ ತೆಗೆದುಕೊಂಡು ವಾಪಸ್ಸು ಬರುತ್ತೇನೆ. ಎದುರಿಗೆ ಗಾಳಿಯೇ ಇಲ್ಲದಿದ್ದರೂ ಓರೆಯಾಗಿ ಹೋಗುವುದೊಂದನ್ನು ನಾನು ಚೆನ್ನಾಗಿ ಕಲಿತಿದ್ದೇನೆ.