ನಮ್ಮ ಓಣಿ ಹಳದಿಯಾದ ಸಂಕ್ರಾಂತಿ

ಪರಿಸರ ರಕ್ಷಣೆ ಎಂಬ ಘನಕಾರ್ಯವನ್ನು ಎಲ್ಲಿಂದಲಾದರೂ ಆರಂಭಿಸಲೇಬೇಕಲ್ಲ? ನಾನು ನಮ್ಮ ಮನೆಯ ಬಚ್ಚಲಿನಿಂದ ಆರಂಭಿಸಿದೆ.

ಗಡಿಯಾಚೆ, ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ, ಡಫಳಾಪುರದಿಂದ ಸ್ವಲ್ಪ ಆಚೆಗಿರುವ ನಮ್ಮೂರಿನಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ಪ್ಲಾಸ್ಟಿಕ್ ಬಳಸಬಾರದು ಎಂಬ ಪಾಠವನ್ನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಈ ಸಲ ಥಂಡಿ ಶುರುವಾಗಿ ಹಿಮ್ಮಡಿ ಒಡೆಯತೊಡಗಿದಾಗ, ಆ ಪಾಠವನ್ನು ನಾವೂ ಪಾಲಿಸಿದರೆ ಹೇಗೆ ಎಂಬ ವಿಚಾರ ಹೊಳೆಯಿತು. ಒಂದು ಭಾನುವಾರ ಬಚ್ಚಲಿಗೆ ನುಗ್ಗಿ ಸಾಬೂನು, ಶಾಂಪೂ ಚೀಟಿ, ಟೂತ್‌ಪೇಸ್ಟು ಎಲ್ಲವನ್ನೂ ಗಡಿಪಾರು ಮಾಡಿದೆ.

"ಏನ್ರಿ, ಸಾಬೂನ ಎಲ್ಲಿ ಹ್ವಾತು?" ಅಂದಳು ಹೆಂಡತಿ ಮಹಾದೇವಿ.

"ಇನ್ಮ್ಯಾಲೆ ಈ ಮನಿಯೊಳಗ ಸಾಬೂನ ಇಲ್ಲ. ಕಡ್ಲಿಹಿಟ್ಟು, ಶೀಗಿಕಾಯಿ, ಬೂದಿ. ನಮ್ಮ ಹಿರೇರು ಹಿಂಗ ಇದ್ರು!"

ಬಿಸಿಲಿಗೆ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮವ್ವ ಅಲ್ಲಿಂದಲೇ ಕೂಗಿದಳು: "ನಮ್ಮ ಹಿರೇರು ಸಾಬೂನ ಸಿಗಲಾರದ್ದಕ್ಕ ಹಂಗ ಇದ್ರೋ ಯಪ್ಪಾ! ಸಿಕ್ಕ ದಿನಾ ಓಡಿ ಹೋಗಿ ತಂದಾರ!"

ಸುಧಾರಕರನ್ನು ಮನೆಯವರು ಮೊದಲು ವಿರೋಧಿಸುವುದು ಇದ್ದದ್ದೇ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆ ಮನೆಯಲ್ಲೂ ಹಳದಿ-ಕುಂಕುಮದ ಕಾರ್ಯಕ್ರಮ. ಓಣಿಯ ಹೆಣ್ಣುಮಕ್ಕಳನ್ನು ಕರೆದು, ಅರಿಷಿಣ ಕುಂಕುಮ ಹಚ್ಚಿ, ಎಳ್ಳು-ಬೆಲ್ಲ ಕೊಟ್ಟು, ಕೈಗೊಂದು ಉಡುಗೊರೆ ಇಡುತ್ತಾರೆ. ಅದಕ್ಕೆ ವಾಣ ಅನ್ನುತ್ತಾರೆ. ವಾಣ ಅಂದರೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಜರಡಿ, ಪ್ಲಾಸ್ಟಿಕ್ ಸೋಪಿನ ಪೆಟ್ಟಿಗೆ. ನಮ್ಮ ಅಟ್ಟದ ಮೇಲೆ ಅಂಥ ಡಬ್ಬಿಗಳು ಎಷ್ಟಿವೆ ಅಂದರೆ, ಒಂದರೊಳಗೊಂದು ಇಟ್ಟರೂ ಅಟ್ಟ ಸಾಲದು.

ಮಹಾದೇವಿಗೆ ಇದು ಬರೀ ಹಬ್ಬವಾಗಿರಲಿಲ್ಲ. ಮೂರು ವರ್ಷ ಒಂದಲ್ಲ ಒಂದು ಅಡಚಣೆಯಿಂದ ನಮ್ಮ ಮನೆಯಲ್ಲಿ ಹಳದಿ-ಕುಂಕುಮ ಆಗಿರಲಿಲ್ಲ. ಮೂರು ವರ್ಷ ಅವಳು ಎಲ್ಲರ ಮನೆಗೆ ಹೋಗಿ ವಾಣ ತಂದಿದ್ದಳು, ತಾನು ಯಾರಿಗೂ ಕೊಟ್ಟಿರಲಿಲ್ಲ. ಎದುರುಮನೆಯ ಸುವರ್ಣಕ್ಕ ಹೋದ ವರ್ಷ "ಈ ವರ್ಷಾನೂ ಅಡಚಣಿನ ಏನವಾ?" ಎಂದು ಎಲ್ಲರೆದುರು ಕೇಳಿದ್ದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

"ಸ್ಟೀಲಿನ ಬಟ್ಟಲ ಕೊಡೂಣ್ರಿ," ಅಂದಳು.

"ಬಟ್ಟಲ ಎಲ್ಲಾರೂ ಕೊಡ್ತಾರ. ನಾವು ಮನಿಯೊಳಗ ಮಾಡಿದ ಉಟಣೆ ಕೊಡೂಣು! ಥಂಡಿಗೆ ಒಡದ ಮಾರಿಗೆ ಹಚ್ಚೋ ಪುಡಿ. ಹಳೇ ಅರಬಿ ಹರದು ಹೊಲದ ಚೀಲದಾಗ ಹಾಕಿ ಕೊಡೂಣು. ಪ್ಲಾಸ್ಟಿಕ್ ಇಲ್ಲ, ಕೆಮಿಕಲ್ ಇಲ್ಲ!"

ಮಹಾದೇವಿ ಒಪ್ಪಿದಳು. "ಆತ್ರಿ. ಆದ್ರ ಒಂದ ಮಾತು. ಈ ಸಲ ನನ್ನ ಹಳದಿ-ಕುಂಕುಮ ಓಣಿ ಮಂದಿ ನೆನಸಬೇಕು. ನನಗ ಅಷ್ಟ ಸಾಕು."

"ನೆನಸ್ತಾರ!" ಎಂದು ಮಾತು ಕೊಟ್ಟೆ. ಆ ಮಾತನ್ನು ನಾನು ಅಕ್ಷರಶಃ ಉಳಿಸಿಕೊಂಡೆ.

ಮೊಬೈಲಿನಲ್ಲಿ ಮರಾಠಿ ಬಾಯಿಯೊಬ್ಬರು ಉಟಣೆ ಮಾಡುವ ವಿಡಿಯೋ ಸಿಕ್ಕಿತು. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಮರಾಠಿ ನನ್ನ ಖಾತೆ. ಮಹಾದೇವಿ ಇಂಡಿ ಕಡೆಯವಳು, ಮದುವೆಯಾಗಿ ಬಂದಾಗ ಅವಳಿಗೆ "ಪಾಣಿ" ಬಿಟ್ಟರೆ ಬೇರೆ ಮರಾಠಿ ಬರುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಅವಳ ಮರಾಠಿಯನ್ನು ನಾನು ತಿದ್ದುತ್ತಲೇ ಬಂದಿದ್ದೇನೆ. ಆದ್ದರಿಂದ ವಿಡಿಯೋದ ಬಾಯಿ ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಕಿತ್ತಳೆ ಸಿಪ್ಪೆ ಎಂದು ಹೇಳಿ, ಕೊನೆಗೆ "ಆಂಬೆ ಹಳದ" ಅಂದಾಗ ಅದರ ಅರ್ಥ ಹೇಳುವ ಹೊಣೆ ನನ್ನ ಮೇಲೆಯೇ ಬಿತ್ತು.

"ಆಂಬೆ ಹಳದ ಅಂದ್ರ ನಾವು ಅಡಗಿಗೆ ಹಾಕೋ ಅರಿಷಿಣ ಅಲ್ರಿ. ಬ್ಯಾರೆ ಬೇರು ಇರ್ತೈತಿ," ಅಂದಳು ಮಹಾದೇವಿ.

"ಆಂಬೆ ಅಂದ್ರ ಏನು?"

"ಮಾವಿನಹಣ್ಣ."

"ಹಳದ ಅಂದ್ರ?"

"ಅರಿಷಿಣ."

"ಹಂಗಾದ್ರ ಮಾವಿನಹಣ್ಣಿನಂಥ ಅರಿಷಿಣ! ಅಂದ್ರ ಬಣ್ಣ! ಚಲೋ ಮಾಗಿದ ಹಣ್ಣಿನ ಬಣ್ಣ! ಇದು ಉಪಮಾನ ಪೂರ್ವಪದ ಕರ್ಮಧಾರಯ ಸಮಾಸ."

ವ್ಯಾಕರಣದ ಮುಂದೆ ಯಾರ ಬಾಯಿ ನಡೆಯುತ್ತದೆ? ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಒಪ್ಪಿಗೆ ಎಂದು ತಿಳಿಯುವ ಚಟ ನನಗೆ ಮೊದಲಿನಿಂದಲೂ ಇದೆ.

ಅರಿಷಿಣಕ್ಕೆ ಸಾಂಗಲಿಯನ್ನು ಬಿಟ್ಟು ಬೇರೆ ಊರುಂಟೇ? ಬಸ್ಸು ಹಿಡಿದು ಹೋದೆ. ಪೇಟೆಯ ಒಂದು ಅಂಗಡಿಯಲ್ಲಿ ನಿಂತು, ನನ್ನ ಅನುವಾದ ಶಕ್ತಿಯನ್ನೆಲ್ಲ ಬಳಸಿ, ಮಾವಿನಹಣ್ಣಿನ ಹಾಗೆ ಕಾಣುವ ಅರಿಷಿಣ ಬೇಕು, ಅದಕ್ಕಿಂತ ಹಳದಿ ಮತ್ತೊಂದು ಇರಬಾರದು ಎಂದು ಶುದ್ಧ ಮರಾಠಿಯಲ್ಲಿ ಕೇಳಿದೆ. ಅಂಗಡಿಯವ ಒಳಗಿನಿಂದ ಒಂದು ಚೀಲ ತಂದು, ಒಂದು ಚಿಟಿಕೆಯನ್ನು ತನ್ನ ಹೆಬ್ಬೆರಳಿಗೆ ತಿಕ್ಕಿ ತೋರಿಸಿದ. ಬೆರಳು ಝಗ್ಗೆಂದಿತು!

"ಲಗ್ನ ಆಹೆ ಕಾ, ಗುರುಜಿ?" ಮದುವೆ ಇದೆಯೇ ಎಂದು ಕೇಳಿದ. "ಇದು ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಬಣ್ಣ ಹೋಗುವುದಿಲ್ಲ" ಎಂದೂ ಹೇಳಿದ. ನಾನು ಅದನ್ನು ಸರಕಿನ ಹೊಗಳಿಕೆ ಎಂದು ತಿಳಿದು ಸಂತೋಷಪಟ್ಟೆ.

ವಿಡಿಯೋದ ಬಾಯಿ ಎರಡು ಚಮಚ ಸಾಕು ಅಂದಿದ್ದರು. ಜನರಿಗೆ ಕೊಡುವ ವಸ್ತುವಿನಲ್ಲಿ ಜಿಪುಣತನ ಮಾಡಬಾರದೆಂದು ನಾನು ಬೊಗಸೆಯಲ್ಲಿ ಹಾಕಿದೆ. ನನ್ನ ಹಳೆಯ ಧೋತರ ಹರಿದು ಮಹಾದೇವಿ ಮೂವತ್ಮೂರು ಪುಟ್ಟ ಚೀಲ ಹೊಲಿದಳು. ಪ್ರತಿಯೊಂದಕ್ಕೂ ನಾನು ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದೆ: "ಹಾಲಿನ ಕೆನೆಯಲ್ಲಿ ಕಲಸಿ ಮುಖ, ಕುತ್ತಿಗೆ, ಕೈಗಳಿಗೆ ಹಚ್ಚಿ. ಅರ್ಧ ತಾಸು ಬಿಡಿ. ವ್ಯತ್ಯಾಸ ನೀವೇ ನೋಡಿ."

ಹಳದಿ-ಕುಂಕುಮದ ಸಂಜೆ ನಮ್ಮ ಪಡಸಾಲೆ ತುಂಬಿತು. ಮೂವತ್ತೆರಡು ಜನ! ಚೀಲದ ವಾಸನೆ ನೋಡಿ, ಚೀಟಿ ಓದಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಸುವರ್ಣಕ್ಕನೂ "ಏನರ ಅನ್ನವಾ, ಹಿಂಥಾ ವಾಣ ಯಾರೂ ಕೊಟ್ಟಿದ್ದಿಲ್ಲ" ಅಂದಳು. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕಳು. ಅಂಥ ನಗು ನಮ್ಮ ಮದುವೆಯ ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮರುದಿನ ಮುಂಜಾನೆ ಬಚ್ಚಲಿನಿಂದ ಒಂದು ಚೀರು ಕೇಳಿಸಿತು.

ಓಡಿ ಹೋದೆ. ಚೀಲ ತುಂಬಿ ಮಿಕ್ಕಿದ್ದ ಉಟಣೆ ಹಚ್ಚಿ ತೊಳೆದುಕೊಂಡು ಮಹಾದೇವಿ ಕನ್ನಡಿಯ ಮುಂದೆ ನಿಂತಿದ್ದಳು. ಹಣೆ ಹಳದಿ. ಗಲ್ಲ ಹಳದಿ. ಕುತ್ತಿಗೆ ಹಳದಿ. ಮೊಣಕೈವರೆಗೆ ಕೈ ಹಳದಿ. ಮಾಗಿದ ಮಾವಿನಹಣ್ಣಿನ ಬಣ್ಣ, ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲ!

"ಎಷ್ಟ ತೊಳದ್ರೂ ಹೋಗವಲ್ದು! ಸಾಬೂನ ಕೊಡ್ರಿ!"

"ಸಾಬೂನ... ಇಲ್ಲಲ್ಲಾ. ಬೂದಿ ನೀರಲೆ ತಿಕ್ಕು. ಬೂದಿಗೆ ಹೋಗಲಾರದ ಕಲಿ ಇಲ್ಲ."

ಅವಳು ಒಲೆಯ ಬೂದಿಯನ್ನು ನೀರಿನಲ್ಲಿ ಕಲಸಿ ಗಲ್ಲಕ್ಕೆ ತಿಕ್ಕಿದಳು. ಮೇಲಿನ ಅರಿಷಿಣ ನೋಡನೋಡುತ್ತಲೇ ಕೆಂಪಾಯಿತು! ಅರಿಷಿಣಕ್ಕೆ ಸುಣ್ಣ ಬೆರೆಸಿದರೆ ಕುಂಕುಮವಾಗುತ್ತದೆ ಎಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ. ಬೂದಿಯೂ ಅದೇ ಕೆಲಸ ಮಾಡುತ್ತದೆ ಎಂದು ಆಗ ತಿಳಿಯಿತು. ಹಳದಿ ಆಗಿತ್ತು, ಈಗ ಕುಂಕುಮವೂ ಆಯಿತು. ಕಾರ್ಯಕ್ರಮ ಸಂಪೂರ್ಣ!

ಅವ್ವ ಬಂದು ಇಣುಕಿದಳು. ಅವಳು ವಿಭೂತಿ ಬಿಟ್ಟು ಮುಖಕ್ಕೆ ಏನನ್ನೂ ಹಚ್ಚುವವಳಲ್ಲ. "ಮತ್ತ ಏನರ ಮಾಡಿದೇನೋ, ನಿನ್ನ ಸುಡ್ಲಿ!" ಎಂದು ಸೊಸೆಯ ಪರವಾಗಿ ತೀರ್ಪು ಕೊಟ್ಟು ಹೋದಳು.

ಕೆಂಪು ತೊಳೆದು ಮತ್ತೆ ಹಳದಿಯಾದ ಮಹಾದೇವಿ ಅಳಲಿಲ್ಲ, ಬೈಯಲಿಲ್ಲ. "ಮೂವತ್ತೆರಡು ಮಂದಿರಿ," ಎಂದಷ್ಟೇ ಅಂದಳು.

ಬಾಗಿಲು ಸ್ವಲ್ಪವೇ ತೆರೆದು ಓಣಿ ನೋಡಿದೆ. ನಳಕ್ಕೆ ನೀರು ಬಿಡುವ ಹೊತ್ತು. ಬಂದ ಹೆಂಗಸರೆಲ್ಲ ಮೂಗಿನವರೆಗೆ ಸೆರಗು ಎಳೆದುಕೊಂಡು, ಒಬ್ಬರನ್ನೊಬ್ಬರು ನೋಡದೆ ಕೊಡ ತುಂಬಿಕೊಂಡು ಓಡುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಅರ್ಧ ತಾಸು ಮುಖಕ್ಕೆ ಕೆನೆ ಹಚ್ಚಿ ಕುಳಿತಿದ್ದೆವು ಎಂದು ಯಾರಿಗೆ ಹೇಳುವುದು?

ಅದೇ ಹೊತ್ತಿಗೆ, ಮನೆ ಮನೆಗೆ ತಿರುಗಿ ಆರೋಗ್ಯ ವಿಚಾರಿಸುವ ಆಶಾತಾಯಿ ಸುನಂದಾ ಬಂದಳು. ಅವಳು ಬೇರೆ ಓಣಿಯವಳು, ಉಟಣೆಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಒಬ್ಬಳ ಕೈ ನೋಡಿದಳು, ಹಳದಿ. ಇನ್ನೊಬ್ಬಳ ಕುತ್ತಿಗೆ ನೋಡಿದಳು, ಹಳದಿ.

"ಏನಾಗೇತ್ರಿ?"

"ಏನಿಲ್ಲವಾ, ಏನಿಲ್ಲ!" ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು.

ರೋಗ ಮುಚ್ಚಿಡುತ್ತಿದ್ದಾರೆ ಎಂದು ಪಾಪ ಅವಳಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ಫೋನು ಹಚ್ಚಿದಳು. ಊಟದ ಹೊತ್ತಿಗೆ ಊರಲ್ಲೆಲ್ಲ ಒಂದೇ ಸುದ್ದಿ: ಗುರುಗಳ ಓಣಿಯಲ್ಲಿ ಕಾಮಣಿ ಬೇನೆ, ಅಂದರೆ ಕಾಮಾಲೆ, ಎದ್ದಿದೆ, ನೀರು ಕೆಟ್ಟಿದೆ! ಆರೋಗ್ಯ ಕೇಂದ್ರದ ಜೀಪು ಧೂಳೆಬ್ಬಿಸುತ್ತ ಬಂತು. ಅದರಿಂದ ಇಳಿದ ಡಾಕ್ಟರಬಾಯಿ ಮರಾಠಿಯಲ್ಲಿ ಒಂದೇ ಮಾತು ಹೇಳಿದರು. ನೀರಿನ ಟಾಕಿಯನ್ನು ಈಗಲೇ ಪೂರ್ತಿ ಬರಿದು ಮಾಡಿ ತೊಳೆಯಬೇಕು.

ಟಾಕಿ! ನಾಲ್ಕು ದಿನ ಕಾದ ಮೇಲೆ ಹಿಂದಿನ ದಿನವಷ್ಟೇ ಕಂಠಮಟ ತುಂಬಿದ್ದ ಟಾಕಿ! ನೀರು ಬಿಡುವ ಸಿದ್ರಾಮ ವಾಲ್ವಿನ ಮೇಲೆ ಕೈ ಇಟ್ಟು ನಿಂತಿದ್ದ. ಊರೆಲ್ಲ ಸುತ್ತ ಸೇರಿತ್ತು. ನನ್ನ ಒಂದು ಸಮಾಸಕ್ಕಾಗಿ ಊರಿನ ನೀರೆಲ್ಲ ಗಟಾರಕ್ಕೆ ಹೋಗುವುದರಲ್ಲಿತ್ತು. ನಾನು ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದೆ. ಆದರೆ ಇಷ್ಟು ವರ್ಷ ಮೆರೆಸಿದ ನನ್ನ ಮರಾಠಿ ಆ ಕ್ಷಣದಲ್ಲಿ ಕೈಕೊಟ್ಟಿತು.

"ಮ್ಯಾಡಮ್! ಹಾ ಆಜಾರ್ ಮೀಚ್ ಘರೀ ಬನವಲಾ! ಬತ್ತೀಸ್ ಪುಡ್ಯಾ ವಾಟಲ್ಯಾ!"

ಅಂದರೆ, ಈ ರೋಗವನ್ನು ನಾನೇ ಮನೆಯಲ್ಲಿ ತಯಾರಿಸಿ ಮೂವತ್ತೆರಡು ಪೊಟ್ಟಣ ಹಂಚಿದ್ದೇನೆ!

ಡಾಕ್ಟರಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. ಜೀಪಿನ ಡ್ರೈವರ್ ನನ್ನ ಕಡೆ ಎರಡು ಹೆಜ್ಜೆ ಮುಂದೆ ಬಂದ. ಸಿದ್ರಾಮ ವಾಲ್ವು ತಿರುಗಿಸತೊಡಗಿದ.

"ಥಾಂಬಾ!" ಎಂದು ಹಿಂದಿನಿಂದ ಕೂಗು ಬಂತು. ನಿಲ್ಲಿಸಿ ಎಂದು.

ಮಹಾದೇವಿ! ತಲೆಯ ಮೇಲಿನ ಸೆರಗು ತೆಗೆದು, ಹಳದಿ ಮುಖವನ್ನು ಊರಿಗೆಲ್ಲ ತೋರಿಸುತ್ತ ನೆಟ್ಟಗೆ ನಡೆದು ಬಂದಳು. ಡಾಕ್ಟರಬಾಯಿಯ ಮುಂದೆ ನಿಂತು, ಉಟಣೆ, ಕೆನೆ, ಅರ್ಧ ತಾಸು, ವಾಣ, ಎಲ್ಲವನ್ನೂ ಹೇಳಿದಳು. ಮರಾಠಿಯಲ್ಲಿ! ನೀರು ಹರಿದಂತೆ, ಒಂದು ಶಬ್ದಕ್ಕೂ ತಡವರಿಸದೆ! ಇದನ್ನು ಯಾವಾಗ ಕಲಿತಳೋ! ನಾನು ತಿದ್ದುವುದರಲ್ಲೇ ಇದ್ದೆ, ಕೇಳಿಸಿಕೊಂಡಿರಲಿಲ್ಲ.

ಡಾಕ್ಟರಬಾಯಿ ಅವಳ ಕಣ್ಣರೆಪ್ಪೆ ಬಿಡಿಸಿ ನೋಡಿದರು. ಕಣ್ಣು ಹಾಲಿನಷ್ಟು ಬಿಳಿ. ಮನೆಗಳ ಒಳಗೆ ಹೋಗಿ ಹೋಗಿ ಉಳಿದವರ ಕಣ್ಣನ್ನೂ ನೋಡಿ ಬಂದರು. ಎಲ್ಲವೂ ಬಿಳಿ. ಆಮೇಲೆ ಅವರು ನಗಲು ಶುರುಮಾಡಿದವರು ಜೀಪು ಹಿಡಿದುಕೊಂಡೇ ನಿಲ್ಲಬೇಕಾಯಿತು. ಸಿದ್ರಾಮ ವಾಲ್ವನ್ನು ಬಿಗಿಯಾಗಿ ಮುಚ್ಚಿ ಅದಕ್ಕೆ ಕೈಮುಗಿದ.

"ಆಂಬೆ ಹಳದ ಬೇರೆಯೇ ಗಡ್ಡೆ, ಗುರುಜಿ," ಎಂದರು ಡಾಕ್ಟರಬಾಯಿ ಕಣ್ಣೊರೆಸಿಕೊಳ್ಳುತ್ತ. "ಮುರಿದರೆ ಮಾವಿನಕಾಯಿ ವಾಸನೆ ಬರುತ್ತದೆ, ಅದಕ್ಕೆ ಆ ಹೆಸರು."

ವಾಸನೆ! ಬಣ್ಣ ಅಲ್ಲ! ಸಮಾಸ ಸರಿಯಾಗಿಯೇ ಇತ್ತು, ಮೂಗು ತಪ್ಪಿತ್ತು.

ಮನೆಗೆ ಬಂದು ನಾನು ಮಹಾದೇವಿಯ ಮುಂದೆ ತಲೆ ತಗ್ಗಿಸಿ ನಿಂತೆ. ನಿಜವಾಗಿ ನಾಚಿಕೆಯಾಗಿತ್ತು. "ನೀ ಅಂದದ್ದ ಖರೆ ಇತ್ತು. ನಾ ಕೇಳಲಿಲ್ಲ. ತಪ್ಪಾತು," ಅಂದೆ.

"ಕುಂದ್ರಿ," ಅಂದಳು.

ಕುಳಿತೆ. ಅವಳು ಉಳಿದಿದ್ದ ಮೂವತ್ಮೂರನೆಯ ಚೀಲ ಬಿಚ್ಚಿದಳು, ಕೆನೆಯಲ್ಲಿ ಕಲಸಿದಳು. ಚೀಟಿಯಲ್ಲಿ ಬರೆದಿದ್ದಂತೆ ಮುಖ, ಕುತ್ತಿಗೆ, ಕೈ ಯಾವುದನ್ನೂ ಬಿಡಲಿಲ್ಲ. ನನಗೆ ಬೋಳುತಲೆ ಇರುವುದರಿಂದ ಅದನ್ನೂ ಮುಖದಲ್ಲೇ ಸೇರಿಸಿದಳು. ಅವ್ವ ಗಡಿಯಾರ ಹಿಡಿದು ಎದುರು ಕುಳಿತಳು. ಅರ್ಧ ತಾಸು ಆಯಿತು ಎಂದು ನಾನು ಮೂರು ಸಲ ಹೇಳಿದೆ. "ನನಗ ಗಡಿಯಾರ ಓದಾಕ ಬರಂಗಿಲ್ಲೋ ಯಪ್ಪಾ," ಅಂದಳು ಅವ್ವ.

ಮರುದಿನ ಶಾಲೆಯಲ್ಲಿ ಗುಣವಾಚಕದ ಪಾಠ. ಒಂದು ಉದಾಹರಣೆ ಕೊಡಿ ಎಂದು ಕೇಳಿದ್ದೇ ತಡ, ಇಡೀ ವರ್ಗ ಒಂದೇ ದನಿಯಲ್ಲಿ ಹೇಳಿತು: "ಹಳದಿ ಗುರುಗಳು!" ಉತ್ತರ ಸರಿಯಾಗಿತ್ತು. ಹತ್ತಕ್ಕೆ ಹತ್ತು ಗುಣ ಕೊಡಲೇಬೇಕಾಯಿತು.

ಮಹಾದೇವಿಯ ಆಸೆಯೂ ಈಡೇರಿತು ಅನ್ನಿ. ಓಣಿಯಲ್ಲಿ ಈಗ ಯಾವ ಹೆಂಗಸರು ಕೂಡಿದರೂ ಅವಳ ಹಳದಿ-ಕುಂಕುಮದ ಮಾತೇ, ಹೊಟ್ಟೆ ಹಿಡಿದುಕೊಂಡು ನಗುವುದೇ. ಆ ನಗೆಯ ನಡುವೆ ಕುಳಿತವಳು ಅವಳು. ಟಾಕಿ ಉಳಿಸಿದವಳೆಂದು ಎಲ್ಲರೂ ಅವಳಿಗೆ ಜಾಗ ಬಿಟ್ಟುಕೊಡುತ್ತಾರೆ. ನನಗೆ ಮಾತ್ರ "ಆಂಬೆ ಮಾಸ್ತರ" ಎಂಬ ಬಿರುದು ಖಾಯಂ ಆಯಿತು.

ರಥಸಪ್ತಮಿಯ ದಿನ ಸುವರ್ಣಕ್ಕನ ಮನೆಯಲ್ಲಿ ಹಳದಿ-ಕುಂಕುಮ. ಅವಳು ಕೊಟ್ಟ ವಾಣ ಏನು ಗೊತ್ತೇ? ಎಲ್ಲರಿಗೂ ಒಂದೊಂದು ಸಾಬೂನು! ಮಹಾದೇವಿಗೆ ಮಾತ್ರ ಎರಡು.

"ಇನ್ನೊಂದು ಗುರುಗಳಿಗೆ," ಅಂದಳಂತೆ.

ನಿಷೇಧ ರದ್ದಾಯಿತು. ಈಗ ನಾನು ದಿನಾಲೂ ಅದೇ ಸಾಬೂನಿನಿಂದ ಬೋಳುತಲೆ ತಿಕ್ಕಿ ತಿಕ್ಕಿ ಸ್ನಾನ ಮಾಡುತ್ತೇನೆ. ಬೂದಿಗಾದಂತೆ ಸಾಬೂನಿಗೂ ಅರಿಷಿಣ ಕೆಂಪಾಗುತ್ತದಲ್ಲ, ನೊರೆ ಇನ್ನೂ ಕೆಂಪಗೇ ಬರುತ್ತಿದೆ!