ಬಾವಿಯ ಪುರಾಣ

ಓದಿ ತಿಳಿದುಕೊಳ್ಳುವುದು ಸುಲಭ. ತಿಳಿದದ್ದನ್ನು ದೊಡ್ಡವರ ಕಿವಿಗೆ ಹಾಕುವುದಿದೆಯಲ್ಲ, ಅದರಲ್ಲಿ ನನ್ನ ಅರ್ಧ ಕೂದಲು ಉದುರಿದೆ. ಮೂಡಲಗಿ ಕಡೆಯ ನಮ್ಮೂರಿನ ಪಂಚ ಕಮಿಟಿಗೆ ನಾನು ಕಾರಕೂನನಾಗಿದ್ದೆ. ಆ ಶ್ರಾವಣದಲ್ಲಿ ಊರಿಗೆ ವಾಂತಿಭೇದಿ ಬಂತು. ಕೆಳಗೇರಿಯಲ್ಲಿ ಮೂರು ಮನೆಯ ಒಲೆ ಆರಿತು. ಗೋಕಾಕಿನ ಡಾಕ್ಟರರು ಬಂದು ಮನೆಮನೆ ಅಡ್ಡಾಡಿ ಒಂದು ವರದಿ ಬರೆದರು. ಮೆಟ್ಟಿಲ ಬಾವಿಯ ನೀರು ಕುಡಿದವರು ಮಲಗಿದ್ದಾರೆ, ಮೇಲಿನ ಬಾವಿಯವರು ಓಡಾಡಿಕೊಂಡಿದ್ದಾರೆ. ಹಿತ್ತಲ ಬಾವಿಯನ್ನೂ ಬಿಡದೆ ಎಲ್ಲ ಬಾವಿಗೂ ಕೆಂಪು ಔಷಧ ಹಾಕಿಸಿರಿ ಎಂದು ಅದರಲ್ಲಿತ್ತು.

ಹಾಕಿಸಬೇಕಾದವರು ಅಧ್ಯಕ್ಷರಾದ ಸಾಹುಕಾರರು. ಒಳ್ಳೆಯ ಮನುಷ್ಯರು, ಆದರೆ ಕಾಗದ ಕಂಡರೆ ಅವರಿಗೆ ನಿದ್ದೆ. ನಾಲ್ಕು ಸಲ ಹೋದೆ. ನಾಲ್ಕು ಸಲವೂ "ಇಡ್ರಿ, ನೋಡೂಣು" ಎಂದು ವರದಿಯನ್ನು ಎಲೆಅಡಿಕೆ ತಾಟಿನ ಕೆಳಗಿಟ್ಟು ತೂಕಡಿಸಿದರು. ಐದನೆಯ ಸಲ ಹೋಗುವಷ್ಟರಲ್ಲಿ ಮತ್ತೊಂದು ಹೆಣ ಬಿದ್ದಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು.

ಸಾಹುಕಾರರು ಕಣ್ಣು ಮುಚ್ಚದ ಜಾಗ ಒಂದೇ, ಮಠದ ಪುರಾಣ. ಪಂಚರೆಲ್ಲ ಅವರ ಬಾಜೂಕ್ಕೇ ಕೂಡುತ್ತಿದ್ದರು. ಕಂಠ ಚೆನ್ನಾಗಿದೆಯೆಂದು ಶ್ರಾವಣವಿಡೀ ಅಲ್ಲಿ ಓದುತ್ತಿದ್ದವನು ನಾನೇ. ಮಠದ ಸ್ವಾಮಿಗಳಾದ ಅಜ್ಜನವರ ಅಪ್ಪಣೆ ಬೇಡಿದೆ. "ಜೀವ ಉಳಿಸೋದು ಶರಣರ ಮಾತs ಅಲ್ಲೇನ? ಓದು," ಎಂದರು.

ಆ ಸಂಜೆ ತಾಟಿನ ಕೆಳಗಿಂದ ಎತ್ತಿ ತಂದ ವರದಿಯನ್ನು ಪುರಾಣದ ಕೆಂಪು ವಸ್ತ್ರದಲ್ಲಿ ಸುತ್ತಿ ಪೀಠದ ಮೇಲಿಟ್ಟೆ. ಮೊದಲನೆಯ ಕಲಮನ್ನು ರಾಗದಲ್ಲಿ ಎತ್ತಿಕೊಂಡೆ, ಆಮೇಲೆ ಅರ್ಥ ಬಿಡಿಸಿದೆ. ರೂಢಿಯಂತೆ ಜನ ಸಾಲುಸಾಲಿಗೂ "ಹೌದ್ರಿ" ಅನ್ನತೊಡಗಿದರು. ಎರಡು ಬಾವಿಗಳ ಕಥೆ ನಡುವಿಗೆ ಬಂದಾಗ ಸಾಹುಕಾರರು ಮುಂದಕ್ಕೆ ಬಾಗಿ, "ಮೆಟ್ಟಲಾ ಬಾವಿ ನೀರು ಕುಡದು ಯಾರೂ ಉಳದs ಇಲ್ಲೇನ್ರಿ?" ಎಂದು ಕೇಳಿದರು. ಉಳಿದವರು ಕಾಯಿಸಿ ಕುಡಿದವರು ಎಂದು ಓದಿದೆ. ಕೆಂಪು ನೀರು ಕುಡಿದರೆ ಹೊಟ್ಟೆ ಕೆಂಪಾಗುವುದಿಲ್ಲವೇ ಎಂದು ಕುರುಬರ ಮಾಳವ್ವ ಕೇಳಿದಳು. ಮರುದಿನಕ್ಕೆ ಬಣ್ಣ ಹೋಗುತ್ತದೆ ಎಂಬುದೂ ಆರನೆಯ ಕಲಮಿನಲ್ಲಿತ್ತು. ಕಡೆಗೆ ಯಾರೋ ಕಾಯಿ ಒಡೆದು ಮಂಗಳಾರತಿ ಎತ್ತಿಯೇಬಿಟ್ಟರು. ಸರಕಾರಿ ವರದಿಗೆ ವಿಭೂತಿ ಹಚ್ಚಿದ್ದು ನಮ್ಮೂರಲ್ಲೇ ಇರಬೇಕು.

"ನಾಳೆ ಹೊತ್ತು ಏರೂದರಾಗ ಔಷಧ ಬೀಳಬೇಕು," ಎಂದರು ಸಾಹುಕಾರರು ಅಲ್ಲೇ. ಬಿತ್ತು. ಬಣ್ಣ ಇಳಿದ ಮೇಲೆ ಮೊದಲ ತಂಬಿಗೆ ನೀರು ಅವರೇ ಕುಡಿದರು. ಹದಿನೈದು ದಿನ ಕಳೆಯಿತು, ಹೊಸದಾಗಿ ಒಬ್ಬರೂ ಮಲಗಲಿಲ್ಲ. ನಾನು ಗೆದ್ದಿದ್ದೆ. ಓಣಿಯಲ್ಲಿ ನಡೆಯುವಾಗ ಮೀಸೆಯ ಮೇಲೆ ಕೈ ತಾನಾಗಿ ಹೋಗುತ್ತಿತ್ತು.

ಅದೇ ಗತ್ತಿನಲ್ಲಿ ಊಟಕ್ಕೆ ಕುಳಿತು ಹೆಂಡತಿಯನ್ನು ಕೇಳಿದೆ, ನಮ್ಮ ಹಿತ್ತಲ ಬಾವಿಯ ನೀರು ತಂದೆಯಾ ಎಂದು. ಕೇಳಿದ ಮೇಲೆ ನೆನಪಾಯಿತು. ಊರ ಬಾವಿಗಳ ಪಟ್ಟಿ ಬರೆದವನು ನಾನು. ಅದರಲ್ಲಿ ನಮ್ಮ ಬಾವಿಯೇ ಇರಲಿಲ್ಲ. ಮನೆ ಬಾವಿಗೆ ಏನಾದೀತು ಎಂದುಕೊಂಡಿದ್ದೆ. ಬಾಯಿಗೆ ಎತ್ತಿದ್ದ ತಂಬಿಗೆಯನ್ನು ಕೆಳಗಿಟ್ಟೆ.

"ಮಠದಾಗ ಹೆಣ್ಮಕ್ಕಳ ಸಾಲಿನ್ಯಾಗ ಕುಂತು ನಾನೂ ಕೇಳೇನ್ರಿ. ಮರುದಿನಾನs ಔಷಧ ತಂದು ಹಾಕೇನಿ," ಎಂದಳು. ಆಮೇಲೆ ತಾಟಿಗೆ ಎರಡು ಎಣ್ಣೆಗಾಯಿ ಬಡಿಸಿ, "ಪುರಾಣ ಹೇಳಿ ಬಂದೀರಿ. ಬದನಿಕಾಯಿ ತಿನ್ರಿ."

"ಹೌದ್ರಿ," ಎಂದೆ.