ತೆನೆ ತರುವ ಜವಾಬ್ದಾರಿ ನನಗಿರಲಿ

ಸಾಗರದ ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಫಾದರ್ ಒಂದು ಪಟ್ಟಿ ಓದುತ್ತಿದ್ದರು. ಪೂಜೆ ಆಗ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಒಂದಕ್ಷರ ಅರ್ಥವಾಗದಿದ್ದರೂ ಜನ ಭಕ್ತಿಯಿಂದ ಕೇಳುತ್ತಿದ್ದರು. ಪಟ್ಟಿ ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿರುತ್ತಿತ್ತು. ಹಾಗಾಗಿ ಅದನ್ನು ಓದಲು ಶುರುಮಾಡಿದ ಕೂಡಲೇ ಅರ್ಧ ಜನರಿಗೆ ಕೆಮ್ಮು ಬರುತ್ತಿತ್ತು, ಉಳಿದವರು ಚಪ್ಪಲಿ ಹುಡುಕುತ್ತಿದ್ದರು. ಅಂಗಳ ಗುಡಿಸಲು ಯಾರು? ಮಂಟಪಕ್ಕೆ ಹೂವು ಕಟ್ಟಲು ಯಾರು? ಕಬ್ಬು ತರಲು ಯಾರು? ದೇವರ ಕೆಲಸಕ್ಕೆ ಬೇಕಾದ ಕೈಗಳ ಪಟ್ಟಿ ಅದು. ಕೂಲಿ ಇಲ್ಲ, ಪುಣ್ಯ ಉಂಟು.

ನನ್ನ ಬಲಗೈಗೆ ಚಿಕ್ಕಂದಿನಿಂದಲೂ ಒಂದು ಸ್ವಭಾವವಿದೆ. ನನ್ನನ್ನು ಕೇಳದೆ ಮೇಲೇಳುತ್ತದೆ.

ಆ ಭಾನುವಾರದ ಪಟ್ಟಿ ತೆನೆಹಬ್ಬದ್ದು. ಸೆಪ್ಟೆಂಬರ್ ಎಂಟು, ಮಾತೆ ಮರಿಯಮ್ಮನವರ ಹುಟ್ಟಿದ ದಿನ. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮ ಜನಕ್ಕೆ ಅದು ಹೊಸ ಭತ್ತದ ಹಬ್ಬವೂ ಹೌದು. ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ, ಮನೆಮನೆಗೆ ತಲೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಕುಡಿದ ಮೇಲೆಯೇ ಹಬ್ಬದ ಊಟ. ಪ್ರತಿವರ್ಷ ತೆನೆ ತರುತ್ತಿದ್ದವರು ಸಿಮಾಂವ್ ಅಜ್ಜ. ಆ ವರ್ಷ ಅವರ ಮೊಣಕಾಲು ಊದಿಕೊಂಡು ಮಂಚ ಹಿಡಿದಿದ್ದರು.

"ತೆನೆ ತರುವವರು ಯಾರು?" ಎಂದರು ಫಾದರ್. ಇಗರ್ಜಿಯಲ್ಲಿ ಕೆಮ್ಮು ಹಬ್ಬಿತು. ನನ್ನ ಕೈ ಎದ್ದಿತು. "ತೆನೆ ತರುವ ಜವಾಬ್ದಾರಿ ನನಗಿರಲಿ" ಎಂದು ಬಾಯಿಯೂ ಹೇಳಿಬಿಟ್ಟಿತು.

ಈ ಸಲ ಮಾತ್ರ ಕೈಯೊಂದರ ತಪ್ಪಲ್ಲ. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಸೆವ್ರಿನ್ ಕೂತಿದ್ದಳು. ಮದುವೆಯಾಗಿ ನಾಲ್ಕು ತಿಂಗಳು. ಗಂಗೊಳ್ಳಿಯ ಹುಡುಗಿ. ಸಾಗರಕ್ಕೆ ಬಂದಾಗಿನಿಂದ ಮಳೆ ನೋಡುತ್ತಾ ಕಿಟಕಿಯ ಬಳಿ ಕೂರುತ್ತಿದ್ದಳು. ಜಗಳವಿಲ್ಲ, ದೂರಿಲ್ಲ, ನಗುವೂ ಇಲ್ಲ. ನಮ್ಮ ನಲವತ್ತು ಮನೆಯವರಲ್ಲಿ ಅವಳಿಗೆ ಹೆಸರು ಹಿಡಿದು ಗೊತ್ತಿದ್ದವರು ಇಬ್ಬರೋ ಮೂವರೋ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ತವರಿನ ತೆನೆಹಬ್ಬದ ಸುದ್ದಿ ತೆಗೆದವಳು ಇದ್ದಕ್ಕಿದ್ದಂತೆ ಹೇಳಿದ್ದಳು. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಬ್ಬದ ದಿನ ಯಾವ ಮನೇಲಿ ಹೊಸ ಅಕ್ಕಿ ತಿಂತೀವೋ ಆ ಮನೆಯವರು ನಾವು. ಈ ವರ್ಷ ಇಲ್ಲಿ ತಿಂದ್ಮೇಲಾದ್ರೂ ನಂಗೆ ಇದು ನನ್ನ ಮನೆ ಅನ್ನಿಸ್ಬಹುದೇನೋ."

ಅಂದಮೇಲೆ ಆ ತೆನೆ ಬೇರೆಯವರ ಕೈಯಿಂದ ಬರುವುದೇ? ಎಲ್ಲಾದರೂ ಉಂಟೇ!

ಫಾದರ್ ನನ್ನ ಹೆಸರು ಬರೆದುಕೊಂಡರು. ಹಬ್ಬಕ್ಕೆ ಇನ್ನು ಒಂಬತ್ತು ದಿನ. ನಾನು ನೆಲದ ಮೇಲೆ ನಡೆಯಲಿಲ್ಲ. ಹಬ್ಬದ ವಾಡಿಕೆಯಂತೆ ಸಂಜೆ ಸಂಜೆ ಮಕ್ಕಳು ಮರಿಯಮ್ಮನ ಪ್ರತಿಮೆಗೆ ಹೂವು ಎರಚಿ ಹಾಡುವಾಗ ನಾನು ಹಿಂದೆ ನಿಂತು ಕಣ್ಣುಮುಚ್ಚಿ ಬೇರೆಯೇ ಮೆರವಣಿಗೆ ನೋಡುತ್ತಿದ್ದೆ. ಮುಂದೆ ಮೇಣದ ಬತ್ತಿಗಳು, ನಡುವೆ ಬಂಗಾರದ ತೆನೆಯ ಹೊರೆ, ಹೊರೆಯ ಕೆಳಗೆ ನಾನು, ಸೆರಗಿನ ಮರೆಯಲ್ಲಿ ಕಣ್ಣೊರೆಸಿಕೊಳ್ಳುವ ಸೆವ್ರಿನ್. ಎದುರು ಸಿಕ್ಕವರಿಗೆಲ್ಲ "ತಲೆಗೊಂದೇಕೆ, ಎರಡೆರಡು ಕೊಡೋಣ" ಎಂದು ಭರವಸೆ ಕೊಟ್ಟೆ. ಬಿದಿರಿನ ತಟ್ಟೆಗೆ ಕೆಂಪು ಕಾಗದ ಅಂಟಿಸಿದೆ. ಎಲ್ಲ ತಯಾರಿಯೂ ಆಯಿತು, ತೆನೆಯೊಂದನ್ನು ಬಿಟ್ಟು.

ಅದಕ್ಕೇನು ಅವಸರ? ಇಕ್ಕೇರಿ ರಸ್ತೆಯ ಎರಡೂ ಬದಿ ಗದ್ದೆಗಳೇ. ಸಿಮಾಂವ್ ಅಜ್ಜ ಪ್ರತಿವರ್ಷ ಎರಡು ದಿನ ಊರು ಬಿಟ್ಟು ಹೋಗಿ ತೆನೆ ತರುತ್ತಿದ್ದದ್ದು ನೆನಪಿತ್ತು. ನೆಂಟರನ್ನು ನೋಡುವ ನೆಪ ಇರಬೇಕೆಂದು ತೀರ್ಮಾನಿಸಿದೆ. ಅಜ್ಜ ಎರಡು ಸಲ ನನಗೆ ಹೇಳಿ ಕಳಿಸಿದರು. ಮುದುಕರ ಉಪದೇಶ ಉದ್ದ ಎಂದು ನಾನು ಹೋಗಲಿಲ್ಲ.

ಹಬ್ಬಕ್ಕೆ ಎರಡೇ ದಿನವಿರುವಾಗ ಕುಡುಗೋಲು, ಗೋಣಿಚೀಲ ಹಿಡಿದು ಇಕ್ಕೇರಿ ರಸ್ತೆಗೆ ಹೊರಟೆ. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಗಾಳಿಗೆ ಗದ್ದೆಯ ಹಸಿರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗುತ್ತಾ ಹೋಗುವುದನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ಆಮೇಲೆ ಗಮನಿಸಿದೆ. ಹಸಿರು ಮಾತ್ರ ಇತ್ತು. ತೆನೆ ಇರಲಿಲ್ಲ.

ಈ ಗದ್ದೆಯಲ್ಲಿಲ್ಲದಿದ್ದರೆ ಆ ಗದ್ದೆ ಎಂದು ಅಂಚಿನ ಮೇಲೆ ನಡೆದೆ, ಜಾರಿದೆ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಗಿಡಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಗದ್ದೆಯ ಒಡೆಯ ಹುಚ್ಚಪ್ಪ ಕಂಬಳಿಕೊಪ್ಪೆಯಲ್ಲಿ ನಿಂತು ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದನಂತೆ. ಕಡೆಗೆ ಹತ್ತಿರ ಬಂದು ಏನು ಕಳೆದುಕೊಂಡಿರಿ ಎಂದು ಕೇಳಿದ. ತೆನೆ ಹುಡುಕುತ್ತಿದ್ದೇನೆ ಎಂದೆ.

"ನಾಟಿ ಮುಗ್ದು ಇನ್ನೂ ತಿಂಗ್ಳಾಗಿಲ್ಲ ಮೇಷ್ಟ್ರೇ. ತೆನೆ ಬೇಕಂದ್ರೆ ದೀಪಾವಳಿ ಹೊತ್ತಿಗೆ ಬರ್ಬೇಕು" ಎಂದವನು, ಸ್ವಲ್ಪ ತಡೆದು ಮೆಲ್ಲಗೆ ಸೇರಿಸಿದ. "ನಮ್ ಹುಡುಗ್ರಿಗೆ ಭತ್ತದ ಪಾಠ ಮಾಡೋದು ನೀವೇ ಅಲ್ವಾ?"

ನಾನೇ. ಪ್ರಾಥಮಿಕ ಶಾಲೆಯ ಲಾದ್ರು ಮೇಷ್ಟ್ರು. ಆರು ವರ್ಷದಿಂದ ಕಪ್ಪುಹಲಗೆಯ ಮೇಲೆ ಬೇರು, ಕಾಂಡ, ಎಲೆ, ತೆನೆ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದವನು. ಹಲಗೆಯ ಮೇಲೆ ನಾಲ್ಕೂ ಒಂದೇ ದಿನ ಬೆಳೆಯುತ್ತಿದ್ದವು!

ಕೆಸರು ಕಾಲಿನಲ್ಲೇ ಸಿಮಾಂವ್ ಅಜ್ಜನ ಮನೆಗೆ ಓಡಿದೆ. ಅಜ್ಜ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಘಟ್ಟದ ಕೆಳಗೆ ನಾಟಿಯೂ ಬೇಗ, ತೆನೆಯೂ ಬೇಗ. ಅದಕ್ಕೇ ತಾನು ಪ್ರತಿವರ್ಷ ಘಾಟಿ ಇಳಿದು ಹೋಗುತ್ತಿದ್ದದ್ದು ಎಂದು ಶಾಂತವಾಗಿ ವಿವರಿಸಿದರು. ನಾಳೆ ಮೊದಲ ಬಸ್ಸು ಹಿಡಿಯಬೇಕು, ಹೊಸನಗರದಲ್ಲಿ ಬದಲಾಯಿಸಬೇಕು, ಹುಲಿಕಲ್ ಘಾಟಿ ಇಳಿದ ಮೇಲೆ ಸಿಗುವ ಮೊದಲ ಗದ್ದೆಯಲ್ಲಿ ಕೇಳಬೇಕು, ಸಂಜೆಯೊಳಗೆ ವಾಪಸ್ಸಾಗಬೇಕು.

"ಒಂದೇ ಮಾತು ನೆನ್ಪಿಟ್ಕೋ. ಬಸ್ಸಲ್ಲಿ ನಿದ್ದೆ ಮಾಡ್ಬೇಡ" ಎಂದರು.

ಅಜ್ಜನ ಆ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ದಾರಿಯಲ್ಲಿ ಒಂದು ಕ್ಷಣವೂ ನಿದ್ದೆ ಮಾಡಲಿಲ್ಲ. ಆದದ್ದೆಲ್ಲ ಎಚ್ಚರದಲ್ಲೇ ಆದದ್ದು.

ಸೆವ್ರಿನ್‌ಗೆ ಇಕ್ಕೇರಿಯ ಸುದ್ದಿ ಹೇಳಲಿಲ್ಲ. ಒಳ್ಳೆಯ ತೆನೆ ಬೇಕೆಂದೇ ದೂರ ಹೋಗುತ್ತಿದ್ದೇನೆ ಎಂದೆ. ಪಾಪ, ನಂಬಿ ಬುತ್ತಿ ಕಟ್ಟಿಕೊಟ್ಟಳು. ಘಾಟಿಯಲ್ಲಿ ಮಂಜು ಬಸ್ಸಿನೊಳಗೇ ಬಂದು ಕೂತಿತ್ತು. ಕೆಳಗಿಳಿದಂತೆ ಮಂಜು ಹರಿದು, ಬಿಸಿಲು ಬಂದು, ಎದುರಿಗೆ ಹಳದಿಗೆ ತಿರುಗಿದ ಗದ್ದೆಗಳು ಕಂಡಾಗ ನಾನು ಸೀಟಿನಿಂದ ಎದ್ದು ನಿಂತುಬಿಟ್ಟೆ. ಮೊದಲ ಗದ್ದೆಯಲ್ಲಿ ಕೊಯ್ಯುತ್ತಿದ್ದ ಹೆಂಗಸಿಗೆ ಕೈಮುಗಿದು ವಿಷಯ ತಿಳಿಸಿದೆ. ಮರಿಯಮ್ಮನಿಗೆ ಎಂದದ್ದೇ ಅವರು ಹೆಚ್ಚು ಕೇಳಲಿಲ್ಲ. ಎರಡು ತೋಳು ತುಂಬುವಷ್ಟು ತೆನೆ ಕೊಯ್ದು, ಬಾಳೆಲೆಯಲ್ಲಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ, ಮಗುವನ್ನು ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು.

ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಹೊಸನಗರದಲ್ಲಿ ಬಸ್ಸು ಬದಲಾಯಿಸುವುದೊಂದೇ ಬಾಕಿ.

ಹೊಸನಗರದ ನಿಲ್ದಾಣದಲ್ಲಿ ಎರಡು ಬಸ್ಸುಗಳು ಅಕ್ಕಪಕ್ಕ ನಿಂತಿದ್ದವು. ಎರಡಕ್ಕೂ ಕನ್ನಡದಲ್ಲಿ ಬೋರ್ಡು ಇತ್ತು. ಕನ್ನಡ ಓದಲು ಕಲಿಸುವುದೇ ನನ್ನ ಹೊಟ್ಟೆಪಾಡು. ಆದರೆ ಆ ಹೊತ್ತಿಗೆ ನಾನು ಹೊಸನಗರದಲ್ಲಿರಲಿಲ್ಲ. ಸಾಗರದ ಇಗರ್ಜಿಯಲ್ಲಿ ತೆನೆ ಹೊತ್ತು ನಡುದಾರಿಯಲ್ಲಿ ನಡೆಯುತ್ತಿದ್ದೆ. ಹತ್ತಿ ಕೂತೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. "ಕೊನೆಯವರೆಗೆ" ಎಂದೆ. ಚೀಟಿ ಹರಿದು ಕೊಟ್ಟ. ಅವನದೇನೂ ತಪ್ಪಿಲ್ಲ.

ಕೊನೆ ಬಂದಾಗ ಸಂಜೆಯಾಗಿತ್ತು. ಇಳಿದೆ. ಅದು ತೀರ್ಥಹಳ್ಳಿ.

ಸಾಗರಕ್ಕೆ ಇನ್ನು ಬೆಳಿಗ್ಗೆ ಒಂಬತ್ತಕ್ಕೇ ಬಸ್ಸು ಎಂದರು. ನಾನು ತೆನೆಯನ್ನು ಅಪ್ಪಿಕೊಂಡು ಮಳೆಯಲ್ಲಿ ನಿಂತಿದ್ದೆ. ಅಳು ಬರುವಂತಿತ್ತು. ಆಗ ಕೊಡೆ ಹಿಡಿದ ಒಬ್ಬರು ನನ್ನನ್ನು ದಾಟಿ ಹೋದವರು ವಾಪಸ್ಸು ಬಂದು, ಬಾಳೆಲೆಯಿಂದ ಹೊರಗಿಣುಕಿದ ತೆನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಡಗಿ ಜುವಾಂವ್ ಅವರ ಹೆಸರು. ನಮ್ಮವರೇ. ಏನೂ ಕೇಳದೆ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಎಷ್ಟೋ ವರ್ಷದಿಂದ ಹಬ್ಬ ತೆನೆಯಿಲ್ಲದೆಯೇ ನಡೆಯುತ್ತಿತ್ತಂತೆ. ಆ ಸಲ ಬೆಳಿಗ್ಗೆ ಆರಕ್ಕೆ ಫಾದರ್ ಒಬ್ಬರು ಪೂಜೆಗೆ ಬರುವವರಿದ್ದರು.

ಪೂಜೆ ಆರಕ್ಕೆ, ಬಸ್ಸು ಒಂಬತ್ತಕ್ಕೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಇಲ್ಲೇ ಆಶೀರ್ವಾದ ಮಾಡಿಸಿಬಿಟ್ಟರೆ? ಸಾಗರದಲ್ಲಿ ಬಸ್ಸಿಳಿದ ಕೂಡಲೇ ಹಂಚಬಹುದು! ಇಷ್ಟು ಚೆನ್ನಾದ ಉಪಾಯ ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಬೆಳಿಗ್ಗೆ ನಾನೇ, ನನ್ನ ಈ ಕೈಯಿಂದಲೇ, ಹೊರೆಯನ್ನು ಪೀಠದ ಮುಂದೆ ಇಟ್ಟೆ.

ಫಾದರ್ ತೆನೆ ನೋಡಿದರು, ನನ್ನನ್ನು ನೋಡಿದರು, ಪ್ರವಚನ ಶುರುಮಾಡಿದರು. ನಮ್ಮನ್ನು ನೆನೆದು, ಮಳೆ ಲೆಕ್ಕಿಸದೆ, ಸಾಗರದಿಂದ ಒಬ್ಬ ಉಪಾಧ್ಯಾಯರು ತೆನೆ ತಂದಿದ್ದಾರೆ ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಂಥ ನೋಟ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆ ಗಳಿಗೆಯಲ್ಲಿ ಎದ್ದು "ಸ್ವಾಮೀ, ನಾನು ತಪ್ಪು ಬಸ್ಸು ಹತ್ತಿ ಬಂದವನು" ಎನ್ನಬೇಕಿತ್ತು. ತಾನಾಗಿ ಏಳುವ ಕೈ ತೊಡೆಯ ಮೇಲೆ ಮಲಗಿತ್ತು.

ಆಮೇಲೆ ನಡೆದದ್ದನ್ನು ನಾನು ಒಂಬತ್ತು ದಿನ ಮುಂಚೆಯೇ ನೋಡಿದ್ದೆ. ಮಕ್ಕಳು ಹೂವೆರಚಿದರು. ಮೇಣದ ಬತ್ತಿಗಳು ಹತ್ತಿದವು. ಜನ ಸಾಲಾಗಿ ಬಂದು ತೆನೆಗೆ ಕೈಯೊಡ್ಡಿದರು. ಹಾಸಿಗೆ ಹಿಡಿದ ಅಜ್ಜಿಗೆ, ತೋಟದ ಕೆಲಸಕ್ಕೆ ಹೋದ ಅಣ್ಣನಿಗೆ, ದೂರದ ಹಳ್ಳಿಗಳಲ್ಲಿ ಉಳಿದವರಿಗೆಲ್ಲ ಎಂದು ಕೇಳಿ ಕೇಳಿ ಒಯ್ದರು. ಕಣ್ಣು ಕಾಣದ ಒಬ್ಬ ಮುದುಕಿ ತೆನೆಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು, ನಿಜವಾಗಿಯೂ ಬಂತು. ಎಲ್ಲವೂ ನಾನು ಕಂಡ ಹಾಗೆಯೇ ಇತ್ತು. ಊರು ಮಾತ್ರ ಬೇರೆ.

ಕೊನೆಗೆ ಫಾದರ್ ನನ್ನ ಬಳಿ ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಇಬ್ಬರು ಎಂದೆ. ಎರಡು ತೆನೆ ಕೊಟ್ಟರು. ಅಷ್ಟೇ ಉಳಿದಿತ್ತು.

ಜುವಾಂವ್ ಅವರ ಮನೆಯಲ್ಲಿ ಹೊಸ ಅಕ್ಕಿ ಬೆರೆಸಿದ ತೆಂಗಿನ ಹಾಲು ಸಿದ್ಧವಾಗಿತ್ತು. ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯಬೇಕೆಂಬುದು ನಮ್ಮ ಕಟ್ಟಳೆ. ಹೆಂಡತಿಯನ್ನು ಬಿಟ್ಟು ಮುಟ್ಟಬಾರದು ಎಂದು ನನಗೆ ಗೊತ್ತಿತ್ತು. ಬೇಡ ಎಂದೆ. ತೆನೆ ತಂದವರೇ ಬೇಡವೆಂದರೆ ಹೇಗೆ ಎಂದರು. ಏಲಕ್ಕಿಯ ಪರಿಮಳ ಬರುತ್ತಿತ್ತು. ಎರಡು ಲೋಟ ಕುಡಿದೆ.

ಸಾಗರ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಇಗರ್ಜಿಯ ಅಂಗಳದಲ್ಲಿ ನಲವತ್ತು ಮನೆಯವರೂ ಊಟ ಮಾಡದೆ ಕಾಯುತ್ತಿದ್ದರು. ಸಿಮಾಂವ್ ಅಜ್ಜನನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಅಲ್ಲಿ ನಾನು ಎರಡು ತೆನೆ ಹಿಡಿದು ಒಂದು ಭಾಷಣ ಮಾಡಿದೆ. ತೀರ್ಥಹಳ್ಳಿಯ ಬಡ ಸಭೆ, ಕುರುಡು ಮುದುಕಿ, ಕ್ರೈಸ್ತ ಪ್ರೀತಿ, ತ್ಯಾಗ. ಬಸ್ಸಿನ ಬೋರ್ಡಿನ ವಿಷಯ ಬರಲಿಲ್ಲ. "ಬೆಳಗಿನಿಂದ ತುಟಿಗೆ ತೊಟ್ಟು ನೀರೂ ಸೋಕಿಸಿಲ್ಲ" ಎಂದು ಮುಗಿಸಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮನಸ್ಸು ಕರಗಿರಬೇಕು ಎಂದುಕೊಂಡೆ.

ಸೆವ್ರಿನ್ ಮಾತ್ರ ಎದ್ದು ಬಂದು ನನ್ನ ಕೈಯಿಂದ ತೆನೆ ತೆಗೆದುಕೊಂಡಳು. ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಬಿದಿರಿನ ತಟ್ಟೆ ಇಟ್ಟುಕೊಂಡು ಕಾಳು ಬಿಡಿಸತೊಡಗಿದಳು. ಮನೆಗೆ ಐದೈದು ಕಾಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗೈ ಚಾಚಿದರು. ಇವಳು ಪ್ರತಿಯೊಬ್ಬರ ಹೆಸರು ಕೇಳಿದಳು, ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದಳು. ಬರುಬರುತ್ತಾ ಯಾರೋ ಪಕ್ಕದಲ್ಲಿ ಕೂತರು, ಇನ್ಯಾರೋ ಜಡೆಗೆ ಹೂವು ಮುಡಿಸಿದರು. ನಾಲ್ಕು ತಿಂಗಳಲ್ಲಿ ಆಡದ ಮಾತನ್ನೆಲ್ಲ ಅವಳು ಆ ಮೆಟ್ಟಿಲ ಮೇಲೆ ಆಡಿ ಮುಗಿಸಿದಳು. ನಾನು ದೂರದಲ್ಲಿ ನಿಂತು ನೋಡಿದೆ. ಇದನ್ನು ಮಾತ್ರ ನಾನು ಯಾವ ಕನಸಿನಲ್ಲೂ ಕಂಡಿರಲಿಲ್ಲ.

ಮನೆಗೆ ಬಂದಾಗ ನಮಗೆ ಉಳಿದದ್ದು ಒಂದೇ ಕಾಳು. ಅದನ್ನು ಅರೆದು, ತೆಂಗಿನ ಹಾಲಿಗೆ ಹಾಕಿ, ಒಂದು ಲೋಟಕ್ಕೆ ಬಗ್ಗಿಸಿದಳು. ಎರಡನೆಯ ಲೋಟ ಕಾಣಲಿಲ್ಲ.

"ನಂಗೆ?" ಎಂದೆ.

"ನಿಮ್ದು ತೀರ್ಥಹಳ್ಳೀಲೇ ಆಯ್ತಲ್ಲ" ಎಂದು ಗೋಡೆಯ ಕನ್ನಡಿ ತಂದು ನನ್ನ ಮುಂದೆ ಹಿಡಿದಳು.

ಮೀಸೆಯ ಉದ್ದಕ್ಕೂ ತೆಂಗಿನ ಹಾಲು ಬೆಳ್ಳಗೆ ಒಣಗಿ ನಿಂತಿತ್ತು. ನಲವತ್ತು ಮನೆಯವರ ಮುಂದೆ ತ್ಯಾಗದ ಮೇಲೆ ಮಾತಾಡಿದ್ದು ಇದೇ ಮೀಸೆ. ಸೆವ್ರಿನ್ ಕನ್ನಡಿ ಕೆಳಗಿಟ್ಟು, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಲೋಟವೆತ್ತಿ ಪೂರ್ತಿ ಕುಡಿದಳು. ಅಲ್ಲಿಗೆ ಅವಳು ಈ ಮನೆಯವಳಾದಳು. ಅವಳದೇ ಲೆಕ್ಕದ ಪ್ರಕಾರ ನಾನು ಮುಂದಿನ ಸೆಪ್ಟೆಂಬರ್‌ವರೆಗೂ ಬಡಗಿ ಜುವಾಂವ್ ಅವರ ಮನೆಯವನಾಗಿಯೇ ಉಳಿದೆ.